ಟೆಸ್ಟ್ ಡ್ರೈವ್‌ನಲ್ಲಿ ಮಂಚ

ಫ್ರೆಂಡ್ಸ್, ತಲೆ ಇನ್ನೂ ಬಿಸಿಯಾಗೇ ಇದೆ. ಗಾಡಿ ಹಿಂಭಾಗದಲ್ಲಿ ಪುಟ್ಟ ಮನೆ ಕಟ್ಟಿಸ್ಕೊಂಡು ಊರೂರು ಸುತ್ತೋಣ ಅಂತ ಇವತ್ತು ಬೆಳಿಗ್ಗೆ ಹಳೇ ಪಿಕಪ್ ನೋಡೋಕೆ ತಿಲಕ್ ನಗರಕ್ಕೆ ಹೋಗಿದ್ದೆ. ಗಾಡಿ ಮಾರೋ ನಂಜುಂಡಣ್ಣ ಪಕ್ಕದಲ್ಲಿ ಕೂತ್ರು, ನಾನು ಓಡಿಸ್ದೆ.

ಮುಂದಿನ ಕ್ರಾಸ್‌ನಲ್ಲೇ ಒಬ್ಬ ಗಾಡಿಗೆ ಅಡ್ಡ ನಿಂತ. "ಎಷ್ಟು ಹೊತ್ತು ಗುರು ಕಾಯೋದು?"

ಮನೆ ಶಿಫ್ಟಿಂಗಿಗೆ ಅವನು ಬುಕ್ ಮಾಡಿದ್ದ ಗಾಡಿ ಬಂದಿರ್ಲಿಲ್ಲ. ಮಂಚ, ಬೀರು, ಫ್ರಿಜ್ ಎಲ್ಲಾ ಅವನ ಮನೆ ಗೇಟಿಗೆ ಅಡ್ಡವಾಗಿ ರೋಡಲ್ಲೇ ಇದ್ವು.

"ಇದು ಬಾಡಿಗೆ ಗಾಡಿ ಅಲ್ಲ" ಅಂದೆ.

"ಮತ್ತೆ ಹಳದಿ ಬೋರ್ಡ್ ಯಾಕಿದೆ?" ಅಂತ ಜಗಳಕ್ಕೇ ಬಂದ.

ಗೇಟಲ್ಲಿ ಹೊಸ ಬಾಡಿಗೆಯವರು ಹಾಲಿನ ಪಾತ್ರೆ ಹಿಡ್ಕೊಂಡು ನಿಂತಿದ್ರು. ಮನೆ ಓನರ್ ಆಂಟಿ ಕಿರುಚ್ತಿದ್ರು: "ರಾಹುಕಾಲ ಶುರುವಾಗೋದ್ರೊಳಗೆ ಇವರು ಹಾಲುಕ್ಕಿಸ್ಬೇಕು, ಮೊದಲು ದಾರಿ ಖಾಲಿ ಮಾಡ್ರಿ." ಹಿಂದೆ ಆಟೋಗಳ ಹಾರ್ನ್ ಬೇರೆ.

ನಾನು ಇಳಿಯೋದ್ರೊಳಗೆ ಮಂಚ ಅರ್ಧ ಗಾಡಿ ಹತ್ತಿತ್ತು. "ಇಳಿಸ್ರೀ" ಅಂತ ಒಂದು ಕಾಲು ಹಿಡಿದು ಎಳೆದೆ. "ಕೈ ಬಿಡು" ಅಂತ ಇನ್ನೊಂದು ಕಾಲು ಹಿಡಿದು ಅವನು ನನ್ನ ಮೈಮೇಲೇ ಬಂದ. ಇನ್ನೇನು ಹೊಡೆದಾಟ ಆಗ್ಬೇಕು, ನಂಜುಂಡಣ್ಣ ತಣ್ಣಗೆ ಕೇಳಿದ್ರು, "ಎಲ್ಲಿಗಪ್ಪಾ?"

"ವಿಲ್ಸನ್ ಗಾರ್ಡನ್."

"ಹತ್ತಿಸು."

ಬಾಡಿಗೆ ಅವರ ಜೇಬಿಗೆ ಹೋಯ್ತು, ಸ್ಟೀರಿಂಗ್ ನನ್ನ ಕೈಯಲ್ಲೇ ಉಳೀತು. ವಾಪಸ್ ಬರ್ತಾ ನಂಜುಂಡಣ್ಣ ಗಾಡಿ ಮಾರಲ್ಲ ಅಂದ್ರು. "ಇನ್ನೂ ದುಡಿಯೋ ಗಾಡೀನ ಮನೆ ಮಾಡಿ ಕೂರ್ಸೋದಾ ಸಾರ್? ನೀವು ಚೆನ್ನಾಗಿ ಓಡಿಸ್ತೀರಿ. ನಾಳೆ ಬೆಳಿಗ್ಗೆ ಬನ್ನಿ, ಇನ್ನೊಂದು ಶಿಫ್ಟಿಂಗ್ ಇದೆ."

ಮನೆ ಮಾಡ್ಕೊಳ್ಳೋಣ ಅಂತ ಹೋದೆ, ಕೆಲಸ ಸಿಕ್ತು.