ಚರಗದ ಬುಟ್ಟಿಯ ಜೋಡಿ

ಎಳ್ಳಮಾವಾಸ್ಯೆಯ ಬೆಳಿಗ್ಗೆಯೂ ಹಾಲು ಉಕ್ಕುವುದನ್ನು ಬಿಡಲಿಲ್ಲ. ಒಲೆ ಒರೆಸಿ, ಸಜ್ಜೆ ಕಡುಬುಗಳನ್ನು ಡಬ್ಬಿಗೆ ತುಂಬಿ, ಪಲ್ಯದ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿದೆ. ಟಿಕೋಟಾದ ನಮ್ಮ ಹೊಲಕ್ಕೆ ಹೋಗುವ ಜೀಪು ಇನ್ನೂ ಬಂದಿರಲಿಲ್ಲ. ಒಂಬತ್ತರ ನನ್ನ ಮಗಳು, ಅವಳಿಗಿಂತ ಎರಡು ವರ್ಷ ದೊಡ್ಡವನಾದ ಭಾವನ ಮಗ, ಇಬ್ಬರೂ ಕಾಲಿಗೆ ತೊಡರುತ್ತಿದ್ದರು. ಸೀರೆ ಡಬ್ಬಿಯ ರಟ್ಟನ್ನು ಚೌಕ ಚೌಕವಾಗಿ ಕತ್ತರಿಸಿ ಕೊಟ್ಟೆ.

"ಹಬ್ಬದ ಜೋಡಿ ಆಟ ಮಾಡೂಣು. ಒಂದರಾಗ ಒಂದು ಸಾಮಾನಿನ ಚಿತ್ರ ಬರೀರಿ, ಇನ್ನೊಂದರಾಗ ಅದರ ಜೋಡಿ."

ರೊಟ್ಟಿಗೆ ಶೇಂಗಾ ಹಿಂಡಿ ಬಂತು, ಎತ್ತಿಗೆ ಗೆಜ್ಜೆ. ಹಬ್ಬದಡುಗೆಯನ್ನು ಹೊಲದ ತುಂಬ ಚೆಲ್ಲಿ ಭೂಮಿತಾಯಿಗೆ ಉಣಿಸುವ ಚರಗದ ಬುಟ್ಟಿಯನ್ನು ಹುಡುಗ ಬರೆದ. ಅದರ ಜೋಡಿಯನ್ನು ಮಗಳು ಯಾರಿಗೂ ಕಾಣದಂತೆ ಬಗ್ಗಿ ಬರೆದಳು.

ಹೊಲದಲ್ಲಿ ಬನ್ನಿ ಗಿಡದ ಕೆಳಗೆ, ಕಂಬಳಿಯ ಮೇಲೆ ಚೀಟಿಗಳನ್ನು ಬೋರಲು ಹಾಕಿ ಆಟ ಶುರುವಾಯಿತು. ಹುಡುಗ ತೆರೆದದ್ದು ಬುಟ್ಟಿ. ಮಗಳು ತೆರೆದದ್ದು ಎರಡು ಜಡೆಯ, ಕೆಂಪು ರಿಬ್ಬನ್ನಿನ ಹುಡುಗಿ, ಕೈ ಮೇಲೆತ್ತಿದವಳು.

"ಇದು ಜೋಡಿ ಆಗಂಗಿಲ್ಲ. ಚರಗ ಗಂಡಸರು ಚೆಲ್ಲತಾರ," ಎಂದ ಹುಡುಗ.

"ನಾ ಚೆಲ್ಲತೀನಿ."

"ನೀ ಹಿಂದಿಂದ ನೀರ ಹಾಕ್ಕೊಂತ ಬಾ, ಸಾಕ."

ಅತ್ತೆ ಬಬಲೇಶ್ವರದ ಕಡೆಯವರು, ಅಲ್ಲಿಯ ರೈತ ಮನೆಯ ಮಗಳು. ನಕ್ಕರು. "ಹೆಣ್ಣಕೂಸು ಚೆಲ್ಲಿದ್ರ ಬೆಳಿ ಇನ್ನೊಬ್ರ ಮನಿಗಿ ಹೋಗತೈತಿ ಬೇ. ಆ ಚೀಟಿ ಹರದ ಒಗದು ಬ್ಯಾರೆ ಬರಿ."

ಮಗಳು ಅಳಲಿಲ್ಲ. ಕೆಂಪು ಸ್ಕೆಚ್ ಪೆನ್ನಿನ ಕಲೆಯಿದ್ದ ಅವಳ ಉಗುರು ಆಗಲೇ ಚೀಟಿಯ ಅಂಚಿಗೆ ಹೋಗಿತ್ತು. ಹರಿಯಲು ಹೊರಟಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಧ್ವನಿ ಏರಿಸಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಆ ತಗ್ಗಿದ ಧ್ವನಿಯನ್ನು ಮದುವೆಯಾದಾಗಿನಿಂದ 'ಹೂನ್ರಿ' ಎನ್ನುವುದಕ್ಕಷ್ಟೇ ಬಳಸಿದ್ದೆ. ಅಂದೂ ಏರಿಸಲಿಲ್ಲ.

"ಹರೀಬ್ಯಾಡ. ಜೋಡಿ ಸರಿ ಐತಿ," ಎಂದೆ. ಅತ್ತೆಯ ಕಡೆ ತಿರುಗಿದೆ. "ಅತ್ತಿ, ಬಿತ್ತೂಮುಂದ ಕಾಳು ಹಾಕಿದಾಕಿ ಹೆಣ್ಣಮಗಳು. ಕಸಾ ತಗದಾಕಿ ಹೆಣ್ಣಮಗಳು. ಆವಾಗ ಬೆಳಿ ಯಾರ ಮನಿಗೂ ಹೋಗಲಿಲ್ಲಲ್ರಿ. ಇವತ್ತ ಇಕಿನ ಚೆಲ್ಲತಾಳ."

"ಇಂಗ್ಲಿಷ್ ಸಾಲಿ ಕಲತಾಕಿ ಬಾಯಿ ಈಗ ಬಂತ ನೋಡು!" ಎಂದರು ಅತ್ತೆ.

"ತಡಾ ಆತ್ರಿ," ಎಂದೆ.

ಪೂಜೆ ಮುಗಿದ ಮೇಲೆ ಬುಟ್ಟಿಯನ್ನು ನಾನೇ ಎತ್ತಿ ಮಗಳ ಕೈಗೆ ಕೊಟ್ಟೆ. ಹುಡುಗ ಮುಖ ಊದಿಸಿಕೊಂಡು ನೀರಿನ ತಂಬಿಗೆ ಹಿಡಿದ. ಬಿಳಿಜೋಳದ ಸಾಲುಗಳಲ್ಲಿ ಅವಳ ರಿಬ್ಬನ್ನು ಮುಳುಗುತ್ತ ಏಳುತ್ತ ಬದುವಿನ ತುದಿಯವರೆಗೂ ಹೋಯಿತು. ಜೀಪಿನಲ್ಲಿ ಮರಳುವಾಗ ಅತ್ತೆ ಕಿಟಕಿಯ ಕಡೆಗೇ ನೋಡುತ್ತಿದ್ದರು. ನಾನು ತಪ್ಪಾಯಿತೆನ್ನಲಿಲ್ಲ. ಈಗಲೂ ಅನ್ನುವುದಿಲ್ಲ.

ಸಂಜೆ ವಿಜಯಪುರದ ಮನೆಗೆ ಬಂದವಳೇ ಪಕ್ಕದ ಮನೆಯ ಹಿರಿಯಾಕೆಗೆ ಕಡುಬು ಒಯ್ದು ಕೊಟ್ಟೆ. ಹೊಲದಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಕಡುಬು ಮುರಿದು ಬಾಯಿಗಿಟ್ಟುಕೊಂಡರು.

"ಅಯ್ಯ, ಅದಕ್ಕೇನ್ರಿ? ನಿಮ್ಮ ಅತ್ತಿಯವರ ಬಬಲೇಶ್ವರದ ಕಡೀನ ನಮ್ಮ ಮಮದಾಪುರ ಐತಿ. ಅಲ್ಲಿ ಹೊಲದಾಗ ಲಗ್ನ ಆಗೂತನಾ ನಾನ ಚೆಲ್ಲತಿದ್ನಿ. ಬುಟ್ಟಿ ಭಾಳ ವಜ್ಜಾ ಆಗತಿತ್ತು, ಅಷ್ಟ."