ಗೆರೆ ಸವೆದ ಹೆಬ್ಬೆಟ್ಟು

ನನ್ನ ಬಲಗೈ ಹೆಬ್ಬೆಟ್ಟಿನಲ್ಲಿ ಗೆರೆಯಿಲ್ಲ. ಬಿತ್ತನೆಯ ಕಡಲೆಕಾಯಿಯನ್ನು ಗೌಡಗೆರೆ ಕಡೆ ನಾವು ಯಂತ್ರಕ್ಕೆ ಹಾಕುವುದಿಲ್ಲ, ಕಾಳು ಒಡೆದರೆ ಮೊಳೆಯುವುದಿಲ್ಲ. ಹೆಬ್ಬೆಟ್ಟಿನಿಂದ ಒತ್ತಿ ಸುಲಿಯಬೇಕು. ಮದುವೆಯಾಗಿ ಬಂದಾಗಿನಿಂದ ಸುಲಿದಿದ್ದೇನೆ.

ಈ ಸಲ ಸುಲಿಯುವಾಗ ಸೊಸೆ ಲೈಬ್ರರಿಯಿಂದ ಕಥೆ ಪುಸ್ತಕ ತಂದು ಓದಿದಳು. ನಾನು ಅಕ್ಷರ ಕೂಡಿಸಿ ಓದಲು ಹೋದರೆ ಒಂದು ಪುಟಕ್ಕೆ ಒಂದು ದಿನ ಬೇಕು. ಕಥೆಯ ದೇಶದಲ್ಲಿ ಸರ್ಕಾರ ಎಲ್ಲರ ಮನೆಯ ಮಾತೂ ಕದ್ದು ಕೇಳುತ್ತದೆ. ಎದುರು ಮಾತಾಡಿದವನ ಹೆಸರನ್ನು ಪಟ್ಟಿಯಿಂದಲೇ ಅಳಿಸುತ್ತದೆ. ಮರುದಿನ ಅವನಿಗೆ ಅಂಗಡಿಯಲ್ಲಿ ಸಾಮಾನಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ, ಇಂಥವನು ಇರಲೇ ಇಲ್ಲ ಅನ್ನುತ್ತಾರೆ.

"ಥೂ, ಅವ್ರ ಬಾಯಿಗೇನ್ ಬಡ್ದಿತ್ತು?" ಅಂದೆ.

"ಭಯ ಕಣತ್ತೆ," ಅಂದಳು ಸೊಸೆ.

ಜೊತೆಗೆ ಸುಲಿಯುತ್ತಿದ್ದ ಪಕ್ಕದ ಮನೆಯವಳು ನಕ್ಕಳು. "ಬುಡಕ್ಕ, ಕತೆ ಅದು. ನಮ್ಮೂರಾಗೆ ಯಾರು ಬಾಯ್ ಮುಚ್ಕೊಂಡವ್ರೆ? ನೀನಂತೂ ಸತ್ರೂ ಮಾತಾಡ್ತಿರ್ತೀಯ."

ಅದೇ ವಾರ ರೇಷನ್ ಅಂಗಡಿಗೆ ಹೋದೆ. ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ. ಸೆರಗಿಗೆ ಒರೆಸಿ ಒತ್ತಿದರೂ ಕೆಂಪು.

"ನೀನು ನೀನಲ್ಲ ಅಂತೈತೆ ಅಜ್ಜಿ. ಹಿಂಗೇ ಆದ್ರೆ ಹೆಸ್ರೇ ತೆಗ್ದಾಕ್ತಾರೆ," ಅಂದ ಅಂಗಡಿಯವನು.

"ಲೇ, ನಿನ್ ಹೊಕ್ಕುಳಬಳ್ಳಿ ಕುಯ್ದೋಳು ನಾನೇ ಕಣ್ಲಾ! ನಾನ್ಯಾರು ಅಂತ ಆ ಡಬ್ಬನ್ನ ಕೇಳ್ತೀಯಾ?"

"ನಂಗೊತ್ತು. ಸರ್ವರ್‌ಗೆ ಗೊತ್ತಿಲ್ವಲ್ಲ."

ಹಿಂದೆ ತಿರುಗಿದೆ. ಸಾಲಿನಲ್ಲಿ ನಮ್ಮ ಕೇರಿಯ ಹೆಂಗಸರೇ ಇದ್ದರು. "ಹೇಳ್ರೇ, ನಾನ್ಯಾರು?" ಎಲ್ಲರೂ ಕೈಚೀಲ ನೋಡಿಕೊಂಡರು. ಪಕ್ಕದ ಮನೆಯವಳು ಮಾತ್ರ, "ಸರ್ಕೊಳಕ್ಕ, ನಮ್ಗೂ ಹೊತ್ತಾಗ್ತೈತೆ," ಅಂದಳು.

ಅವಳಿಗೆ ಬೈಯಲು ಬಾಯಿ ತೆರೆದವಳು ಮುಚ್ಚಿದೆ. ಹೋದ ತಿಂಗಳು ಅದೇ ಜಾಗದಲ್ಲಿ ಹಾಸಿಗೆ ಹೊಲಿಯುವ ಬೂಬಮ್ಮ ನಿಂತಿದ್ದಳು. ಅವಳದು ಸೂಜಿಗೆ ಸವೆದ ಬೆರಳು, ಅವಳಿಗೂ ಕೆಂಪು ದೀಪವೇ ಬಂದಿತ್ತು. ನನ್ನ ಕಡೆ ತಿರುಗಿ ನೋಡಿದ್ದಳು. ಸರ್ಕೊಳಮ್ಮ ಅಂದವಳು ನಾನು. ಅವತ್ತು ಅವಳು ಬರಿಗೈಯಲ್ಲಿ ಹೋದಳು, ಯಂತ್ರ ಆಗಿನ್ನೂ ಒಪ್ಪುತ್ತಿದ್ದ ಹೆಬ್ಬೆಟ್ಟು ಒತ್ತಿ ನಾನು ಅಕ್ಕಿ ತಂದು ಅನ್ನ ಮಾಡಿ ಉಂಡೆ.

ನೇರ ಅವಳ ಮನೆಗೆ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದೆ. ಇಬ್ಬರೂ ಅಂಗಡಿಯ ಹೊಸ್ತಿಲ ಮೇಲೆ ಕೂತೆವು.

"ಇವ್ಳು ಯಾರು ಅಂತ ನಾನು ಹೇಳ್ತೀನಿ, ನಾನ್ಯಾರು ಅಂತ ಇವ್ಳು ಹೇಳ್ತಾಳೆ. ಬರ್ಕೋ."

"ಅಂಗೆಲ್ಲ ಬರ್ಕೊಳ್ಳಾಕೆ ಜಾಗ ಇಲ್ಲ ಅಜ್ಜಿ."

"ಅಂಗಾದ್ರೆ ನಾವೂ ಏಳಾಕಿಲ್ಲ."

ಪಕ್ಕದ ಮನೆಯವಳು ಸೀರೆ ಎತ್ತಿ ನಮ್ಮನ್ನು ದಾಟಿ ಒಳಗೆ ಹೋದಳು. ಅವಳ ಹಿಂದೆ ಮೂವರು ದಾಟಿದರು. ಬಾಗಿಲು ಹಾಕುವ ಹೊತ್ತಾದರೂ ನಾವು ಏಳದಿದ್ದಾಗ ಅಂಗಡಿಯವನು ಬೈದುಕೊಂಡೇ ಯಾರಿಗೋ ಫೋನು ಮಾಡಿದ. ಕೊನೆಗೆ ಒಂದು ಹಾಳೆಯ ಮೇಲೆ ನಮ್ಮಿಬ್ಬರ ಹೆಸರು ಬರೆದು ಅಕ್ಕಿ ಅಳೆದ. ಮುಂದಿನ ತಿಂಗಳದ್ದು ಗೊತ್ತಿಲ್ಲ ಅಂದ.

ಮಾರನೆ ದಿನ ಸುಲಿಯಲು ಕೂತಾಗ ಸೊಸೆ ಪುಸ್ತಕ ತೆಗೆದಳು.

"ತಡಿ, ಪಕ್ಕದ ಮನೆಯೋಳು ಬರ್ಲಿ," ಅಂದೆ. "ಇಂಥೋನು ಇರ್ಲೇ ಇಲ್ಲ ಅಂದ ಆ ನೆರೆಯೋರ್ದು ಇತ್ತಲ್ಲ, ಅದ್ನೇ ಇನ್ನೊಂದ್ ಸಲ ಓದು. ಜೋರಾಗಿ ಓದು."