ಹಳದಿ ರಿಬ್ಬನ್ನಿನ ಹುಡುಗಿ ಗೆದ್ದರೆ ಗಣೇಶ ನಮ್ಮನೆಗೆ

ನನಗೆ ಟೆನ್ನಿಸ್ ಗೊತ್ತಿಲ್ಲ. ಆಡಲು ಬರುವುದಿಲ್ಲ ಎನ್ನುವುದು ನಾನು ಮೆಟ್ಟಿಲು ಹತ್ತುವುದನ್ನು ನೋಡಿದ ಯಾರಿಗಾದರೂ ತಿಳಿಯುತ್ತದೆ. ನೋಡಲೂ ಬರುವುದಿಲ್ಲ ಎನ್ನುವುದು ಮಾತ್ರ ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಯವರಿಗಷ್ಟೇ ತಿಳಿದಿದ್ದ ಗುಟ್ಟು. ಹದಿನೈದು, ಮೂವತ್ತು ಎಂದು ನೆಟ್ಟಗೆ ಎಣಿಸುತ್ತ ಬಂದು, ನಲವತ್ತೈದು ಎನ್ನಬೇಕಾದ ಕಡೆ ನಲವತ್ತು ಎಂದುಬಿಡುವ ಆಟವಿದು. ಉಳಿದ ಐದು ಎಲ್ಲಿ ಹೋಯಿತು ಎಂದು ಕೇಳಿದರೆ ಎಲ್ಲರೂ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ಇಂಥ ನಾನು, ನ್ಯೂಯಾರ್ಕಿನ ದೊಡ್ಡ ಟೂರ್ನಿಯಲ್ಲಿ ಹೆಂಗಸರ ಪಟ್ಟ ಯಾರಿಗೆಂದು ಆರು ತಿಂಗಳ ಮೊದಲೇ ತುಂಬಿದ ಸಭೆಯಲ್ಲಿ ಹೇಳಿದೆ. ಹೇಳಿದ್ದು ಯಾರೂ ಕೇಳಿರದ ಒಂದು ಹುಡುಗಿಯ ಹೆಸರನ್ನು. ಅದೂ ಹೆಸರನ್ನಲ್ಲ, ಆ ಹೆಸರಿಗೆ ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ. ‘ಹಳದಿ ರಿಬ್ಬನ್ನಿನ ಹುಡುಗಿ’ ಎಂದೆ.

ಇದರ ಹಿಂದೆ ದುಡ್ಡಿನ ಮಾತಿಲ್ಲ. ಇರುವುದು ಗಣೇಶ. ಡಲ್ಲಾಸ್‌ನ ಉತ್ತರದ ಊರುಗಳಲ್ಲಿರುವ ನಾವು ಒಂಬತ್ತು ಕನ್ನಡದ ಮನೆಯವರು ತಿಂಗಳಿಗೊಂದು ಶನಿವಾರ ಒಟ್ಟಿಗೆ ಊಟ ಮಾಡುತ್ತೇವೆ. ಅದರಲ್ಲಿ ಒಂದು ಮನೆ ಹ್ಯೂಸ್ಟನ್‌ಗೆ ಶಿಫ್ಟ್ ಆಗಿದೆ; ಆದರೂ ಬಿಸಿಬೇಳೆಬಾತಿನ ಪಾತ್ರೆಗೆ ಸೀಟ್‌ಬೆಲ್ಟ್ ಹಾಕಿಕೊಂಡು ನಾಲ್ಕು ಗಂಟೆ ಡ್ರೈವ್ ಮಾಡಿ ಬರುತ್ತಾರೆ. ಚೌತಿಯ ದಿನ ಅವರವರ ಮನೆಯಲ್ಲಿ ಅವರವರ ಗಣೇಶ. ಗುಂಪಿನ ಗಣೇಶ ಮಾತ್ರ ಪಂಚಾಂಗ ನೋಡಿ ಬರುವವನಲ್ಲ, ಅನುಕೂಲದ ಶನಿವಾರ ನೋಡಿ ಬರುವವನು. ಯಾರ ಮನೆಗೆ ಬರಬೇಕು ಎನ್ನುವುದರ ಮೇಲೆ ಒಂದು ವರ್ಷ ಎರಡು ಮನೆಗಳ ನಡುವೆ ಸಣ್ಣ ಮುನಿಸೇ ಆಗಿಹೋಯಿತು. ಆಗ ಲಿಟಲ್ ಎಲ್ಮ್‌ನ ಬಸವರಾಜ್ ಒಂದು ದಾರಿ ಹುಡುಕಿದರು. ಅವರು ಹುಬ್ಬಳ್ಳಿಯ ಕಡೆಯವರು, ಇಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾರೆ, ಟೆನ್ನಿಸ್ ಎಂದರೆ ಪ್ರಾಣ. ಯುಗಾದಿಯ ಊಟದ ದಿನ ಒಂದೊಂದು ಮನೆಯವರು ಒಬ್ಬೊಬ್ಬ ಆಟಗಾರ್ತಿಯನ್ನು ಆರಿಸಿಕೊಳ್ಳುವುದು. ಸೆಪ್ಟೆಂಬರಿನ ಫೈನಲ್‌ನಲ್ಲಿ ಯಾರು ಆರಿಸಿದವಳು ಗೆಲ್ಲುತ್ತಾಳೋ, ಮುಂದಿನ ಶನಿವಾರದ ಗಣೇಶ ಅವರ ಮನೆಗೆ. ಟೂರ್ನಿಯ ಪಟ್ಟಿ ಹೊರಬೀಳುವ ಮುಂಚೆ ಒಂದು ಸಲ ಆಯ್ಕೆ ಬದಲಾಯಿಸಬಹುದು. ಯಾರ ಆಯ್ಕೆಯೂ ಗೆಲ್ಲದಿದ್ದರೆ, ಹೋದ ವರ್ಷ ಕೂತಿದ್ದ ಮನೆಯಲ್ಲೇ ಗಣೇಶ ಮತ್ತೆ ಕೂರುತ್ತಾನೆ. ಕೇಳಲು ನ್ಯಾಯವಾಗಿದೆ, ಅಲ್ಲವೇ? ಈ ನ್ಯಾಯದಿಂದ ಗಣೇಶ ಐದು ವರ್ಷ ಲಿಟಲ್ ಎಲ್ಮ್ ಬಿಟ್ಟು ಕದಲಿರಲಿಲ್ಲ.

ನನಗೆ ಅವನು ಅಲೆನ್‌ನ ನಮ್ಮ ಮನೆಗೆ ಬರಬೇಕಿತ್ತು. ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮದು ಸಣ್ಣ ಮನೆ, ಮುಂದೆ ಮೂರು ಕಾರು ನಿಂತರೆ ನಾಲ್ಕನೆಯದು ಪಕ್ಕದ ಮನೆಯ ಟಪಾಲು ಡಬ್ಬಿಗೆ ಅಡ್ಡ ನಿಲ್ಲಬೇಕು. ಆದರೆ ಬಟ್ಟೆಯ ಕ್ಲಾಸೆಟ್ಟಿನಲ್ಲಿ, ಚಳಿಗಾಲದ ರಜಾಯಿಗಳ ಹಿಂದೆ, ಮೈಸೂರಿನಿಂದ ಬಿಡಿಬಿಡಿಯಾಗಿ ಸೂಟ್‌ಕೇಸಿನಲ್ಲಿ ತಂದ ಒಂದು ಮರದ ಮಂಟಪವಿದೆ. ನಾಲ್ಕು ಕಂಬ, ಮೇಲೊಂದು ಗೋಪುರ, ಎರಡು ಗಿಳಿ. ಅದನ್ನು ಹೊರಗೆ ತೆಗೆಯುವಷ್ಟು ದೊಡ್ಡ ಹಬ್ಬ ನಮ್ಮಲ್ಲಿ ಆದದ್ದೇ ಇಲ್ಲ. ಮಗಳು ಅನಘ ಆಸ್ಟಿನ್‌ಗೆ ಕೆಲಸಕ್ಕೆ ಹೋದ ಮೇಲೆ ಚೌತಿ ಎಂದರೆ ನಾನು ಮತ್ತು ಇವರು. ಆರತಿಯ ಹಾಡು ಶುರುಮಾಡಿದರೆ ಎರಡನೆಯ ಸಾಲಿಗೆ ಇವರು ಆಫೀಸಿನ ಮೀಟಿಂಗಿನಲ್ಲಿ ಮ್ಯೂಟ್ ಆದವರಂತೆ ತುಟಿ ಮಾತ್ರ ಆಡಿಸುತ್ತಾರೆ. ಇಪ್ಪತ್ತೊಂದು ಕಡುಬನ್ನು ಇಬ್ಬರು ಮೂರು ದಿನ ತಿನ್ನುತ್ತೇವೆ. ಒಂದೇ ಒಂದು ಸಲ ನನ್ನ ಮನೆಯಲ್ಲಿ ಐವತ್ತು ಜನ ಒಟ್ಟಿಗೆ ಗಂಟಲೆತ್ತಿ ಹಾಡುವುದನ್ನು ಕೇಳಬೇಕೆಂದು ನನ್ನ ಆಸೆ.

ಆ ಹುಡುಗಿಯನ್ನು ನಾನು ಕಂಡದ್ದು ಮಾರ್ಚ್ ಹೊತ್ತಿಗೆ, ಆಸ್ಟಿನ್‌ನಲ್ಲಿ. ಅನಘಳ ಆಫೀಸು ಅಲ್ಲಿನ ದ ಡೊಮೇನ್ ಎನ್ನುವ ಬಡಾವಣೆಯಲ್ಲಿದೆ. ಅವಳನ್ನು ನೋಡಲು ಹೋದಾಗ, ಊರಲ್ಲಿ ಸಣ್ಣದೊಂದು ಟೂರ್ನಿ ನಡೆಯುತ್ತಿದೆಯೆಂದು ಕರೆದುಕೊಂಡು ಹೋದಳು. ದೊಡ್ಡ ಅಂಗಳದಲ್ಲಿ ಬಿಸಿಲೆಂದು ನಾನು ಪಕ್ಕದ ಸಣ್ಣ ಕೋರ್ಟಿನ ನೆರಳಿನಲ್ಲಿ ಕೂತೆ. ಅಲ್ಲಿ ತಲೆಗೆ ಹಳದಿ ರಿಬ್ಬನ್ ಕಟ್ಟಿದ ಒಬ್ಬಳು ಆಡುತ್ತಿದ್ದಳು. ಆಡುತ್ತಿದ್ದಳು ಎನ್ನುವುದಕ್ಕಿಂತ ಸೋಲುತ್ತಿದ್ದಳು. ಸೋತೂಬಿಟ್ಟಳು. ಆಮೇಲೆ ಬೆಂಚಿನ ಹತ್ತಿರ ಬಂದು, ಒದ್ದೆ ಟವೆಲ್ಲನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿದಳು. ಬಾಳೆಹಣ್ಣಿನ ಸಿಪ್ಪೆಯನ್ನು ಎತ್ತಿಕೊಂಡಳು. ಗೆದ್ದವಳು ಬಿಟ್ಟುಹೋದ ಖಾಲಿ ಬಾಟಲನ್ನೂ ಎತ್ತಿಕೊಂಡಳು. ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ತನ್ನ ಕೆಲಸ ಬಿಡಲಿಲ್ಲ.

“ಇವಳೇ ಗೆಲ್ಲೋದು,” ಎಂದೆ.

“ಅಮ್ಮ, ಶಿ ಜಸ್ಟ್ ಲಾಸ್ಟ್!” ಎಂದಳು ಅನಘ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳದು ಇಂಗ್ಲಿಷಿನಲ್ಲೇ ಉತ್ತರ.

“ಇವತ್ತಲ್ಲ ಕಣೆ. ಸೆಪ್ಟೆಂಬರಲ್ಲಿ.”

ನೀವು ನಗಬಹುದು. ಆದರೆ ನಾವು ಲೋಕದಲ್ಲಿ ಆರಿಸುವುದೆಲ್ಲ ಹೀಗೆಯೇ ಅಲ್ಲವೇ? ಬೆಂಡೆಕಾಯಿಯನ್ನು ತುದಿ ಮುರಿದು ನೋಡುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ, ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟುತ್ತೇವೆ. ಒಳಗನ್ನು ಕಂಡವರು ಯಾರೂ ಇಲ್ಲ. ಬಸವರಾಜರ ಹತ್ತಿರ ಸರ್ವಿಸ್ಸಿನ ವೇಗ, ಎಡಗೈ ಬಲಗೈ, ಹುಲ್ಲು ಮಣ್ಣು ಎಂದು ಏನೇನೋ ಕಾಲಂಗಳಿವೆ. ಸೋತ ಮೇಲೆ ಟವೆಲ್ ಮಡಿಸುತ್ತಾಳೋ ಇಲ್ಲವೋ ಎನ್ನುವ ಕಾಲಂ ಇಲ್ಲ. ಅವತ್ತು ಅಲೆನ್‌ಗೆ ವಾಪಸ್ ಬಂದು, ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಚೌಕದಲ್ಲಿ ಬರೆದೆ: ‘ಹಳದಿ ರಿಬ್ಬನ್ ಗೆಲ್ಲುತ್ತಾಳೆ. ಮೊಸರು ಹುಳಿ ಬಂದಿದೆ. ಎಸಿ ಫಿಲ್ಟರ್ ಬದಲಾಯಿಸಬೇಕು.’

ಯುಗಾದಿಯ ದಿನ ನನ್ನ ಸರದಿ ಬಂದಾಗ ‘ಹಳದಿ ರಿಬ್ಬನ್ನಿನ ಹುಡುಗಿ’ ಎಂದು ಹೇಳಿ, ಅನಘ ಹೆಸರು ಬರೆದುಕೊಟ್ಟ ಚೀಟಿಯನ್ನು ಬಸವರಾಜರಿಗೆ ಕೊಟ್ಟೆ. ಅವರು ಫೋನಿನಲ್ಲಿ ಆ ಹೆಸರನ್ನು ಹುಡುಕಿದರು, ಹುಡುಕಿದರು, ಕೆಳಗೆ ಕೆಳಗೆ ಹೋದರು.

“ಅಕ್ಕಾರ, ಈಕಿ ಮೇನ್ ಡ್ರಾದ ಪಟ್ಟ್ಯಾಗs ಇರೂದಿಲ್ರಿ. ಮೊದಲ ಮೂರು ಮ್ಯಾಚ್ ಗೆದ್ದು ಒಳಗ ಬರಬೇಕು, ಆಮ್ಯಾಲೆ ಏಳು. ಬ್ಯಾರೆ ಯಾರನ್ನರ ತಗೋರಿ.”

“ಬೇಡ ಬಸವರಾಜ್, ಅವಳೇ ಇರಲಿ.”

“ನಿಮ್ಮ ಗಣಪ್ಪ ನಮ್ಮನ್ಯಾಗs ಇರ್ತಾನ ಬಿಡ್ರಿ,” ಎಂದು ಅವರು ನಕ್ಕರು. ಎಲ್ಲರೂ ನಕ್ಕರು. ಇವರೂ ಹೋಳಿಗೆಯ ತಟ್ಟೆಯನ್ನು ಅಡ್ಡ ಹಿಡಿದುಕೊಂಡು ನಕ್ಕಿದ್ದನ್ನು ನಾನು ನೋಡಿದೆ.

ಬೇಸಿಗೆಯಿಡೀ ಅವಳು ಎಲ್ಲೆಲ್ಲೋ ಸೋತಳು. ಅಲ್ಲಲ್ಲಿ ಗೆದ್ದಳು. ನಾನು ಎರಡನ್ನೂ ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟೆ. ಆಗಸ್ಟ್ ಕೊನೆಗೆ ನ್ಯೂಯಾರ್ಕಿನಲ್ಲಿ ಮೂರು ಮ್ಯಾಚ್ ಗೆದ್ದು ಒಳಗೆ ಬಂದಳು. ಮೊದಲ ಸುತ್ತು ಗೆದ್ದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಮೂರನೆಯದು ಗೆದ್ದಾಗ ಹ್ಯೂಸ್ಟನ್‌ನವರು ಒಂದು ಹೆಬ್ಬೆರಳು ಕಳಿಸಿದರು. ಸೆಮಿಫೈನಲ್‌ನಲ್ಲಿ ಅವಳು ಸೋಲಿಸಿದ್ದು ಬಸವರಾಜರು ಆರಿಸಿದ್ದ ಆಟಗಾರ್ತಿಯನ್ನೇ. ಫೈನಲ್‌ನಲ್ಲಿ ಅವಳೆದುರು ಉಳಿದವಳು ಒಬ್ಬ ಎತ್ತರದ, ಹೆಸರಾಂತ ಆಟಗಾರ್ತಿ. ಗಾಯದಿಂದ ಎದ್ದು ಬಂದವಳೆಂದು ಯುಗಾದಿಯಲ್ಲಿ ಅವಳನ್ನು ಯಾರೂ ಆರಿಸಿರಲಿಲ್ಲ.

ಫೈನಲ್‌ನ ಶನಿವಾರ ಬೆಳಿಗ್ಗೆ ನಾನು ರಜಾಯಿಗಳನ್ನು ಸರಿಸಿ ಮಂಟಪವನ್ನು ಹೊರಗೆ ತೆಗೆದೆ. ಹಾಲ್‌ನಲ್ಲಿ ಹಳೆಯ ಬೆಡ್‌ಶೀಟ್ ಹಾಸಿ, ಗಿಳಿಗಳಿಗೆ ಎಣ್ಣೆ ಒರೆಸುತ್ತ ಕೂತೆ. ಇವರು ಕಾಫಿ ಲೋಟ ಹಿಡಿದು ಬಂದವರು ಬಾಗಿಲಲ್ಲೇ ನಿಂತರು.

“ವನಜಾ, ಅದನ್ನ ಈಗಲೇ ಯಾಕೆ ತೆಗೆದೆ?”

“ಗೆಲ್ತಾಳೆ ರೀ.”

“ಅವಳು ಗೆಲ್ಲಬಾರದು ಕಣೆ.”

ಆಮೇಲೆ ಹೇಳಿದರು. ಪಟ್ಟಿ ಹೊರಬೀಳುವ ಹಿಂದಿನ ದಿನ, ನನಗೆ ತಿಳಿಸದೆ, ಬಸವರಾಜರಿಗೆ ಮೆಸೇಜ್ ಕಳಿಸಿ ನಮ್ಮ ಮನೆಯ ಆಯ್ಕೆಯನ್ನು ಆ ಎತ್ತರದವಳಿಗೆ ಬದಲಾಯಿಸಿದ್ದರಂತೆ. “ನಿಂಗೆ ಗಣೇಶನ್ನ ಕೂರಿಸಬೇಕು ಅಂತ ಎಷ್ಟು ಆಸೆ ಅಂತ ನಂಗೆ ಗೊತ್ತಿಲ್ವಾ? ಆ ಹುಡುಗೀನ ನಂಬಿಕೊಂಡ್ರೆ ಆಗೋ ಕೆಲಸ ಅಲ್ಲ ಅಂದ್ಕೊಂಡೆ. ಹೇಳಿದ್ರೆ ನೀನು ಒಪ್ತಿರಲಿಲ್ಲ.”

ಸಿಟ್ಟು ಬಂತೇ ಎಂದು ಕೇಳುತ್ತೀರಿ. ಬರಬೇಕಿತ್ತು. ಆದರೆ ನನ್ನ ಆಸೆಯನ್ನು ನಾನು ಹೇಳದೆಯೂ ಒಬ್ಬರು ಓದಿಕೊಂಡಿದ್ದಾರೆ ಎಂದು ತಿಳಿದ ಗಳಿಗೆಯಲ್ಲಿ ಸಿಟ್ಟಾಗುವುದು ಸುಲಭವಲ್ಲ. ಎಣ್ಣೆ ಬಟ್ಟೆಯನ್ನು ಅವರ ಕೈಗೆ ಕೊಟ್ಟು, “ಇನ್ನೊಂದು ಗಿಳಿ ನೀವು ಒರೆಸಿ,” ಎಂದೆ.

ಲೆಕ್ಕ ಈಗ ಸ್ಪಷ್ಟವಾಗಿತ್ತು. ಎತ್ತರದವಳು ಗೆದ್ದರೆ ಗಣೇಶ ನಮ್ಮನೆಗೆ. ನನ್ನ ಹುಡುಗಿ ಗೆದ್ದರೆ, ಹಾಳೆಯ ಮೇಲೆ ಅವಳು ಯಾರ ಆಯ್ಕೆಯೂ ಅಲ್ಲ, ಗಣೇಶ ಮತ್ತೆ ಲಿಟಲ್ ಎಲ್ಮ್‌ಗೆ. ಮಧ್ಯಾಹ್ನ ಟಿವಿ ಮುಂದೆ ಕೂತಾಗ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಆಸ್ಟಿನ್‌ನಿಂದ ಅನಘ ಫೋನಿನ ಪರದೆಯಲ್ಲಿದ್ದಳು, ಅವಳನ್ನು ಸಕ್ಕರೆ ಡಬ್ಬಿಗೆ ಒರಗಿಸಿದ್ದೆ. ಮೊದಲ ಸೆಟ್ ಎತ್ತರದವಳದ್ದಾಯಿತು. ನಾನು ಚಪ್ಪಾಳೆ ತಟ್ಟಿದೆ. ನನ್ನ ಚಪ್ಪಾಳೆ ನನಗೇ ಹಿಟ್ಟು ಕೊಡವಿದಂತೆ ಕೇಳಿಸಿತು.

ಎರಡನೆಯ ಸೆಟ್‌ನಲ್ಲಿ ನನ್ನ ಹುಡುಗಿ ಬೆಂಚಿಗೆ ಬಂದು ಕೂತಳು. ಮುಖ ಒರೆಸಿಕೊಂಡು, ಸೋಲುತ್ತಿದ್ದರೂ, ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು. ಅಷ್ಟೇ. ಆಮೇಲೆ ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. “ಹೊಡಿ, ಆ ಮೂಲೆಗೆ ಹೊಡಿ!” ಎಂದು ಇನ್ನೊಂದು ದನಿ ಕೂಗಿತು. ಇವರದಲ್ಲ. ಸಕ್ಕರೆ ಡಬ್ಬಿಯ ಕಡೆಯಿಂದ, ಅಚ್ಚ ಮೈಸೂರು ಕನ್ನಡದಲ್ಲಿ! ಮೂರನೆಯ ಸೆಟ್ ಮುಗಿದಾಗ ಹಳದಿ ರಿಬ್ಬನ್ನಿನ ಹುಡುಗಿ ಗೆದ್ದು, ಅಂಗಳದಲ್ಲಿ ಬೋರಲು ಬಿದ್ದು ಅಳುತ್ತಿದ್ದಳು. ನಾನು ಸೋಫಾದ ಮೇಲೆ ಕೂತು ಅಳುತ್ತಿದ್ದೆ.

“ನಾವು ಸೋತ್ವಿ ಕಣೆ,” ಎಂದರು ಇವರು, ಮೆಲ್ಲಗೆ.

“ಹೌದು ರೀ,” ಎಂದೆ. ಅಷ್ಟು ಖುಷಿಯಾಗಿ ನಾನು ಯಾವತ್ತೂ ಸೋತಿರಲಿಲ್ಲ.

ಸಂಜೆ ಬಸವರಾಜರ ಫೋನು ಬಂತು. “ಅಕ್ಕಾರ, ಹಾಳ್ಯಾಗ ಏನರ ಇರ್ಲಿ, ಮೊದಲ ಹೇಳಿದಾಕಿ ನೀವs ಅದೀರಿ. ಗಣಪ್ಪ ನಿಮ್ಮನ್ಯಾಗ ಕೂಡ್ಲಿ,” ಎಂದರು. ದೊಡ್ಡ ಮನಸ್ಸು. ಆದರೆ ನಮ್ಮ ಮನೆಯ ಆಯ್ಕೆಯ ವಿರುದ್ಧ ನಾನೇ ಗಂಟಲು ಹರಿಯುವಂತೆ ಕೂಗಿದ್ದೇನಲ್ಲ? ನಿಯಮ ನಿಯಮವೇ, ನಿಮ್ಮನೆಗೇ ಬರುತ್ತೇವೆ ಎಂದೆ. ಮಂಟಪವನ್ನು ಬಿಚ್ಚಿ ಒಳಗಿಟ್ಟೆ.

ಮುಂದಿನ ಶನಿವಾರ ಲಿಟಲ್ ಎಲ್ಮ್‌ನ ಆ ದೊಡ್ಡ ಹಾಲ್‌ನಲ್ಲಿ ಐವತ್ತು ಜನ ಆರತಿ ಹಾಡುತ್ತಿದ್ದರು. ನಾನು ಕುಂಕುಮದ ಬಟ್ಟಲು ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಬಸವರಾಜರ ಹೆಂಡತಿ ಶಾಂತಕ್ಕ ಒಲೆಯ ಮುಂದೆ ಒಬ್ಬರೇ ನಿಂತು ಕಡುಬು ಕರಿಯುತ್ತಿದ್ದರು. ಬಾಕಿ ಅಡುಗೆಯನ್ನು ಎಲ್ಲರೂ ತರಬಹುದು, ಪ್ರಸಾದ ಮಾತ್ರ ಗಣೇಶ ಕೂತ ಮನೆಯಲ್ಲೇ ಆಗಬೇಕು ಎನ್ನುವುದು ನಮ್ಮ ಗುಂಪಿನ ಪದ್ಧತಿ.

“ಆರತಿಗೆ ಬನ್ನಿ ಶಾಂತಕ್ಕ.”

“ಎಲ್ಲಿ ಆರತಿರಿ? ಆರು ವರ್ಷ ಆತು, ನಾ ಈ ಗಣಪ್ಪನ ಆರತಿ ನೋಡೇ ಇಲ್ಲ. ಇಲ್ಲೇ ನಿಂತು ಕೇಳತೀನಿ.” ಜಾಲರಿಯ ಸೌಟನ್ನು ಬಾಣಲೆಯ ಅಂಚಿಗೆ ತಟ್ಟಿದರು. “ನಿಮಗ ಖರೇ ಹೇಳಲೇನು ವನಜಾ? ಪ್ರತಿ ವರ್ಷ ನಾ ಆ ಟೆನ್ನಿಸ್ ನೋಡ್ಕೋತ ಕೂಡೂದು ನಮ್ಮವ್ರು ಆರಿಸಿದಾಕಿ ಸೋಲ್ಲಿ ಅಂತ. ಈ ಸಲ ಸೆಮಿಫೈನಲ್‌ನಾಗ ಸೋತ್ಲು, ನಾ ದೇವರ ಮುಂದ ತುಪ್ಪದ ದೀಪ ಹಚ್ಚಿದೆ. ಆ ಮ್ಯಾಲೆ ನಿಮ್ಮ ಹುಡುಗಿ ಗೆದ್ಲಲ್ರಿ! ಟಿವಿ ಆರಿಸಿ ಕಡ್ಲಿಬ್ಯಾಳಿ ಎಷ್ಟ್ ಐತಿ ನೋಡಾಕ ಹೋದೆ.”

“ಬಸವರಾಜ್‌ಗೆ ಹೇಳಬಾರದಿತ್ತೇ?”

“ಅವ್ರಿಗೆ ಎಷ್ಟು ಖುಷಿ ಐತಿ ನೋಡ್ರಿ. ಹೇಳಾಕ ಬಾಯಿ ಬರಂಗಿಲ್ಲ.”

ನಾನು ಆಗ ನನ್ನ ಮಂಟಪದ ವಿಷಯ ಹೇಳಿದೆ. ಆರು ವರ್ಷದಿಂದ ನಾನು ಬೇಡಿದ್ದೂ ಅವರು ಬೇಡಿದ್ದೂ ಒಂದೇ ಎಂದು ತಿಳಿದು ಇಬ್ಬರೂ ಎಣ್ಣೆಯ ಮುಂದೆ ನಿಂತು ನಕ್ಕೆವು. ನಾನು ಅವರ ಕೈಯಿಂದ ಸೌಟನ್ನು ತೆಗೆದುಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಅವರನ್ನು ಆರತಿಗೆ ದಬ್ಬಿದೆ. ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಮುಂದಿನ ವರ್ಷ ನಿಮ್ಮನ್ಯಾಗ. ಆತಿಲ್ಲೋ?”

“ಆಯ್ತು. ಕಾರು ನಿಲ್ಲಿಸೋಕೆ ಜಾಗ ಇಲ್ಲ ಅಷ್ಟೇ.”

“ನಡಕೋತ ಬರ್ಲಿ ಬಿಡ್ರಿ, ಹೊಟ್ಟಿ ಕರಗ್ತಾವ.”

ಮಂಗಳಾರತಿ ಮುಗಿದು, ಹಾಲ್‌ನಲ್ಲಿ ಗಂಡಸರು ಆಗಲೇ ಬಸವರಾಜರ ಫೋನಿನ ಸುತ್ತ ಸೇರಿ ಮುಂದಿನ ವರ್ಷ ಯಾರು ಗೆಲ್ಲುತ್ತಾರೆಂದು ಜೋರಾಗಿ ವಾದಿಸುತ್ತಿದ್ದರು. ನಾನು ಕೊನೆಯ ಒಬ್ಬೆ ಕಡುಬನ್ನು ಎಣ್ಣೆಯಿಂದ ಎತ್ತಿದೆ. ಅವರು ಎಷ್ಟು ಬೇಕಾದರೂ ಆರಿಸಿಕೊಳ್ಳಲಿ. ಮನೆ ಆರಿಸಿ ಆಗಿತ್ತು.